ಲುಂಬಿನಿಯಲ್ಲಿ ದೊಡ್ಡವ್ವ ನೀರು ಕುಡಿದದ್ದು

ದೊಡ್ಡವ್ವನ ಹೊಟ್ಟೆ ಕೆಟ್ಟಿದ್ದು ಯಾವುದರಿಂದ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇವತ್ತಿಗೂ ಮೂರು ಉತ್ತರಗಳಿವೆ. ಗೋರಖಪುರದ ಕಬ್ಬಿನ ಹಾಲಿಗೆ ಹಾಕಿದ್ದ ಐಸು ಎನ್ನುವುದು ಅವ್ವನ ತೀರ್ಮಾನ. ನೇಪಾಳದ ನೀರು ಎನ್ನುವುದು ದೊಡ್ಡವ್ವನದು. ನಾವೇ ಊರಿಂದ ಕಟ್ಟಿಕೊಂಡು ಹೋಗಿದ್ದ ಮೊಸರು ಬುತ್ತಿ ಎನ್ನುವುದು ನನ್ನದು. ನಾನು ಇದನ್ನು ಬಾಯಿಬಿಟ್ಟು ಹೇಳಿದ ದಿನ ಅವ್ವ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಒಂದೇ ಬೋಗಿಯಲ್ಲಿ ಹೋಗಿ ಒಂದೇ ಕೋಣೆಯಲ್ಲಿ ಇದ್ದು ಬಂದ ಮೂವರು ನಾವು. ಆದರೂ ಮೂರು ಬೇರೆ ಬೇರೆ ಪ್ರವಾಸಕ್ಕೆ ಹೋಗಿಬಂದವರಂತೆ ಮಾತಾಡುತ್ತೇವೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನನ್ನ ಪ್ರವಾಸ ಎಂದುಕೊಳ್ಳಿ. ದಿನಾ ಒಂದಿಷ್ಟು ಬರೆದಿಡುವ ಅಭ್ಯಾಸ ನನಗಿದೆ ನಿಜ. ಆದರೆ ರೈಲಿನ ಎರಡನೆಯ ದಿನದ ಪುಟದಲ್ಲಿ "ಬುತ್ತಿ ರುಚಿಯಾಗಿತ್ತು" ಎಂದು ನನ್ನದೇ ಅಕ್ಷರದಲ್ಲಿದೆ. ಅದನ್ನು ಓದಿದ ಮೇಲೆ ನನ್ನ ಬರವಣಿಗೆಯ ಮೇಲೂ ನನಗೆ ಪೂರ್ತಿ ನಂಬಿಕೆ ಉಳಿದಿಲ್ಲ.

ಹೊಸಪೇಟೆ

ನಮ್ಮ ಹಗರಿಬೊಮ್ಮನಹಳ್ಳಿಯಲ್ಲೂ ಸ್ಟೇಷನ್ ಇದೆ. ನಮಗೆ ಬೇಕಾದ ರೈಲು ಮಾತ್ರ ಹೊಸಪೇಟೆಯಿಂದ ಇತ್ತು. ಅವ್ವ, ಅವ್ವನ ಅಕ್ಕ ದೊಡ್ಡವ್ವ ಮತ್ತು ನಾನು. ಅಜ್ಜನ ಕಾಲದಿಂದ ನಮ್ಮದು ಬುದ್ಧನಿಗೆ ಕೈಮುಗಿಯುವ ಮನೆ. ಅಡುಗೆಮನೆ ಗೋಡೆಯ ಮೇಲೆ ಮಾಯಾದೇವಿ ಬುದ್ಧನನ್ನು ಹೆತ್ತ ಲುಂಬಿನಿಯ ಒಂದು ಕ್ಯಾಲೆಂಡರ್ ಚಿತ್ರ ಹೊಗೆ ಕುಡಿಯುತ್ತ ಎಷ್ಟೋ ವರ್ಷದಿಂದ ತೂಗುತ್ತಿತ್ತು. ನೋಡಿದಾಗಲೆಲ್ಲ ನಾವು ಕೈಮುಗಿಯುತ್ತಿದ್ದೆವು, ದೊಡ್ಡವ್ವ ಮಾತ್ರ ಚಿತ್ರದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ದೊಡ್ಡವ್ವ ನಿವೃತ್ತಿಯಾಗುವ ತನಕ ಕೂಡ್ಲಿಗಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ಲುಂಬಿನಿಗೆ ಏಕೆ ಹೋಗಬೇಕು ಎಂದು ಕೇಳಿದವರಿಗೆಲ್ಲ ಅವಳು ಕೊಡುತ್ತಿದ್ದ ಕಾರಣ ಒಂದೇ.

"ನನ್ನ ಕಣ್ಮುಂದ ಎಷ್ಟು ಮಂದಿ ಹೆತ್ತಾರ, ಎಲ್ಲಾರೂ ಮಲಗೇ ಹೆತ್ತಾರ. ಮಾಯಾದೇವಿ ಗಿಡದ ಟೊಂಗಿ ಹಿಡಕೊಂಡು ನಿಂತು ಹೆತ್ತಾಳಂತ. ಆಕಿ ಹೆಂಗ ನಿಂತಿದ್ಲು, ನಾ ಒಮ್ಮಿ ನೋಡಬೇಕು."

ಇದು ಭಕ್ತಿಯೋ ವೃತ್ತಿಯ ಕುತೂಹಲವೋ ನನಗೆ ಗೊತ್ತಾಗಿಲ್ಲ. ಅವಳಿಗೆ ಆ ವ್ಯತ್ಯಾಸ ಇದ್ದಂತೆಯೂ ಇರಲಿಲ್ಲ.

ಪರದೇಶದ ನೀರು, ಪರದೇಶದ ಎಣ್ಣೆ ಹೊಟ್ಟೆಗೆ ಆಗುವುದಿಲ್ಲ ಎಂದು ಅವ್ವ ಮೊದಲೇ ನಿರ್ಧರಿಸಿಬಿಟ್ಟಿದ್ದಳು. ಹೀಗಾಗಿ ಕಟಕು ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿಯ ಡಬ್ಬಿ, ಇವುಗಳ ಜೊತೆಗೆ ಊರಿನ ಫಿಲ್ಟರ್ ನೀರಿನ ಒಂದು ಕ್ಯಾನು. ಹೊಟ್ಟೆಯ ಔಷಧಿಗೆಂದೇ ಬೇರೆ ಗಂಟಿತ್ತು: ಮೆಂತ್ಯ, ಜೀರಿಗೆ, ಒಣಗಿಸಿ ಪುಡಿ ಮಾಡಿದ ದಾಳಿಂಬೆ ಸಿಪ್ಪೆ. ಔಷಧಿ ಕಟ್ಟುವಾಗಲೇ ಕಾಯಿಲೆ ಆಗಿಯೇ ತೀರುತ್ತದೆ ಎಂಬಂತೆ ಅವ್ವನ ಮುಖ ಗಂಭೀರವಾಗಿತ್ತು.

ರೈಲು

ಏಪ್ರಿಲ್ ತಿಂಗಳು. ಬೋಗಿ ಕಾದ ಹಂಚಾಗಿತ್ತು. ಎದುರಿನ ಸೀಟಿನಲ್ಲಿ ಕಾನ್ಪುರದ ಕಡೆಯ ಒಬ್ಬ ಹೆಂಗಸಿದ್ದಳು. ಯಾವ ಸ್ಟೇಷನ್ ಬಂದರೂ ಇಳಿದು ಬಿಸಿ ಪೂರಿ, ಆಲೂ ಪಲ್ಯ ತಂದು ನಮಗೂ ನೀಡುತ್ತಿದ್ದಳು. ಕಣ್ಣೆದುರೇ ಬಾಣಲೆಯಿಂದ ತೆಗೆದ ಪೂರಿ. ನಾವು ನಯವಾಗಿ ಬೇಡ ಎಂದು, ಹಿಂದಿನ ಬೆಳಿಗ್ಗೆ ಕಲಸಿದ ಬುತ್ತಿಯ ಡಬ್ಬಿ ತೆಗೆದೆವು. ಮುಚ್ಚಳ ತೆಗೆದಾಗ ಒಂದು ಸಣ್ಣ ಶಬ್ದ ಬಂತು, ಸೋಡಾ ಬಾಟಲಿ ತೆಗೆದಂತೆ. ಈ ಶಬ್ದ ಬಂದೇ ಇಲ್ಲ ಎನ್ನುತ್ತಾಳೆ ಅವ್ವ.

ಹುಳಿ ಬಂದಿದೆ ಎಂದು ನಾನು ಅಂದೆ. ಮೊಸರು ಹುಳಿಯಾಗದೆ ಸಿಹಿಯಾಗುತ್ತದೆಯೇ ಎಂದು ಅವ್ವ ಕೇಳಿದಳು. ನಾನು ಎರಡು ತುತ್ತು ತಿಂದೆ, ಅವ್ವ ನಾಲ್ಕು ತುತ್ತು. ಮನೆಯ ಅನ್ನ ಚೆಲ್ಲಬಾರದೆಂದು ದೊಡ್ಡವ್ವ ಡಬ್ಬಿಯ ತಳ ಬೆರಳಲ್ಲಿ ಬಳಿದು ತಿಂದಳು. ಗೋರಖಪುರದಲ್ಲಿ ಇಳಿದ ಮೇಲೆ ಅವಳೂ ನಾನೂ ಕಬ್ಬಿನ ಹಾಲು ಕುಡಿದದ್ದು ನಿಜ. ಆದರೆ ಅದೇ ಐಸು ನನ್ನ ಹೊಟ್ಟೆಗೂ ಹೋಗಿತ್ತಲ್ಲ, ನನಗೇನೂ ಆಗಲಿಲ್ಲ. ಇನ್ನು ನೇಪಾಳದ ನೀರನ್ನು ಬೈಯುವ ದೊಡ್ಡವ್ವ ಹೊಟ್ಟೆ ಕೆಟ್ಟ ಹೊತ್ತಿಗೆ ಅದನ್ನು ಕಣ್ಣಿಂದಲೂ ನೋಡಿರಲಿಲ್ಲ.

ಎರಡು ದಿನ ಕಳೆದರೂ ಊರಿನ ನೀರಿನ ಕ್ಯಾನು ಭಾರವಾಗಿಯೇ ಇತ್ತು. ಅದನ್ನು ಹೊತ್ತವಳು ನಾನು. ಹೊತ್ತವಳಿಗೆ ಆಗಲೇ ಅನುಮಾನ ಬರಬೇಕಿತ್ತು.

ಗಡಿ

ಸೊನೌಲಿಯಲ್ಲಿ ನಡೆದೇ ದೇಶ ದಾಟಬಹುದು. ಒಂದು ದೊಡ್ಡ ಕಮಾನು, ಅದರಡಿ ಲಾರಿಗಳು, ಸೈಕಲ್ ರಿಕ್ಷಾಗಳು, ತಲೆಯ ಮೇಲೆ ಬಕೆಟ್ಟಿನ ಗೋಪುರ ಹೊತ್ತ ವ್ಯಾಪಾರಿಗಳು. ದೊಡ್ಡವ್ವ ಕಮಾನಿನ ಆಚೆ ನಿಂತು ಸುತ್ತ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಇದೇನಬೇ ಸುಜಾ, ಪರದೇಶ ಅಂದ್ರ ನಮ್ಮ ಕೊಟ್ಟೂರು ಬಸ್ ಸ್ಟ್ಯಾಂಡ್ ಇದ್ದಂಗೈತಿ."

ಅವಳಿಗೆ ಸಮಾಧಾನವಾಗಲಿ ಎಂದು, ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದಿರುತ್ತದೆ ಎಂದು ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ನಡುವೆ ಕಳೆದ ಆ ಕಾಲು ಗಂಟೆಯಲ್ಲಿ ನಾವು ಎಲ್ಲಿದ್ದೆವು ಎಂದು ಕೇಳಿದಳು. ಕೇಳುತ್ತಿದ್ದಂತೆಯೇ ಅವಳ ಮುಖ ಬಿಳಿಚಿತು, ಕೈ ಹೊಟ್ಟೆಗೆ ಹೋಯಿತು. ಚಹಾದಂಗಡಿಯ ಹಿಂದೆ ತಗಡಿನ ಬಾಗಿಲಿನ ಒಂದು ಸಂಡಾಸವಿತ್ತು. ನೇಪಾಳದಲ್ಲಿ ನಮ್ಮ ದೊಡ್ಡವ್ವ ಮೊದಲು ದರ್ಶನ ಮಾಡಿದ ಸ್ಥಳ ಅದು.

ಲುಂಬಿನಿಯವರೆಗಿನ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೆರಿಗೆ ನೋವಿನವರಂತೆ ಬಾಯಲ್ಲಿ ಉಸಿರು ಬಿಡುತ್ತಿದ್ದಳು.

ಲುಂಬಿನಿ ಬಜಾರು

ನಾವು ಇಳಿದುಕೊಂಡದ್ದು ಬಜಾರಿನ ಒಂದು ಚಿಕ್ಕ ವಸತಿಗೃಹದಲ್ಲಿ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಕೋಣೆ. ಎರಡನ್ನೂ ನಡೆಸುವ ಹೆಂಗಸನ್ನು ಎಲ್ಲರೂ ದೀದಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮರುದಿನ ಸಂಜೆಗೆ ಗೋರಖಪುರದಿಂದ ನಮ್ಮ ರೈಲು. ಎಂದರೆ ಲುಂಬಿನಿಯ ತೋಟ, ಅದರೊಳಗಿನ ಮಾಯಾದೇವಿ ಮಂದಿರ ನೋಡಲು ನಮಗಿದ್ದದ್ದು ಮರುದಿನದ ಬೆಳಿಗ್ಗೆ ಮಾತ್ರ. ದೊಡ್ಡವ್ವ ಮಧ್ಯಾಹ್ನದೊಳಗೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವ ಹಾಗಾಗಿದ್ದಳು.

ಅವ್ವ ಔಷಧಿ ಗಂಟು ಬಿಚ್ಚಿದಳು. ಅವಳ ಪದ್ಧತಿಯಲ್ಲಿ ಮೊದಲು ಹಾಲು, ಎಣ್ಣೆ, ಖಾರ ಬಂದ್. ಆಮೇಲೆ ಮೆಂತ್ಯದ ಪುಡಿ ಕಲಸಿದ ಮಜ್ಜಿಗೆ, ಅದಕ್ಕೂ ಬಗ್ಗದಿದ್ದರೆ ಜೀರಿಗೆ ಕುದಿಸಿದ ನೀರು, ಹಾಲು ಹಾಕದ ಚಹಾಕ್ಕೆ ನಿಂಬೆಹಣ್ಣು, ಬಾಳೆಹಣ್ಣು, ಗಂಜಿ. ಕೊನೆಯ ಅಸ್ತ್ರ ದಾಳಿಂಬೆ ಸಿಪ್ಪೆ. ದೊಡ್ಡವ್ವ ಮೆಂತ್ಯವನ್ನೂ ದಾಳಿಂಬೆ ಪುಡಿಯನ್ನೂ ಚೂರು ಬೆಲ್ಲದ ಜೊತೆ ಉಂಡೆ ಮಾಡಿ ನುಂಗಿದಳು. ಕುಡಿಯುವುದು ಯಾವುದನ್ನೂ ಮುಟ್ಟಲಿಲ್ಲ.

ನಾನು ದೀದಿಯ ಅಂಗಡಿಯಿಂದ ಉಪ್ಪು ಸಕ್ಕರೆ ತಂದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಈ ಅಳತೆಯನ್ನು ನನಗೆ ಕಲಿಸಿದವಳೇ ದೊಡ್ಡವ್ವ. ಭೇದಿಯಾದ ಕೂಸಿಗೆ ನೀರು ಬಿಡಿಸಬೇಡಿರೆಂದು ಬಾಣಂತಿಯರಿಗೆ ಗದರುತ್ತಿದ್ದವಳೂ ಅವಳೇ. ಲೋಟ ಹಿಡಿದು ನಿಂತರೆ ಗೋಡೆಯ ಕಡೆ ತಿರುಗಿದಳು.

"ಸುಜಾತಾ ಅಂತ ಹೆಸರಿಟ್ಟಿದ್ದು ಬುದ್ಧಗ ಪಾಯಸ ಕೊಟ್ಟಾಕಿ ಹಂಗ ಪಾಯಸ ಕೊಡ್ತಾಳಂತ. ಈಕಿ ನೋಡಿದ್ರ ಉಪ್ಪಿನ ನೀರು ಹಿಡಕೊಂಡು ನಿಂತಾಳ."

ಅವ್ವ ನಕ್ಕಳು. ನಾನೂ ನಕ್ಕೆ. ಲೋಟ ಮಾತ್ರ ತುಂಬಿಯೇ ಇತ್ತು. ಮೇಲಿಂದ ಹಾಕಿದರೆ ತಾನೇ ಕೆಳಗಿಂದ ಹೋಗುವುದು, ಒಣ ಹೊಟ್ಟೆಯಲ್ಲಿದ್ದರೆ ನಾಳೆ ಬೆಳಿಗ್ಗೆಗೆ ಎಲ್ಲ ನಿಲ್ಲುತ್ತದೆ ಎಂದು ಅವಳ ವಾದ. ಕೂಸುಗಳಿಗೆ ಹೇಳುತ್ತಿದ್ದ ಮಾತು ನಿನಗೆ ಅನ್ವಯಿಸುವುದಿಲ್ಲವೇ ಎಂದು ಕೇಳಿದೆ. ಕೂಸುಗಳು ಲುಂಬಿನಿ ನೋಡಲು ಹೊರಟಿರಲಿಲ್ಲ ಎಂದಳು.

ಅಷ್ಟರಲ್ಲಿ ದೀದಿ ಮೇಲೆ ಬಂದಳು. ನಮ್ಮ ಪಕ್ಕದ ಮನೆಯ ಉರ್ದುವಿನಿಂದ ಕಲಿತ ನನ್ನ ಹಿಂದಿಗೂ ಅವಳ ಹಿಂದಿಗೂ ಅಷ್ಟಕ್ಕಷ್ಟೆ. ಅವಳು ನನ್ನ ವಿವರಣೆಗೆ ಕಾಯಲಿಲ್ಲ. ದೊಡ್ಡವ್ವನ ಪಕ್ಕ ಕೂತು, ಅವಳ ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಚರ್ಮ ಕೂಡಲೇ ಕೂರದೆ ಹಾಗೇ ಗುಡಾರದಂತೆ ನಿಂತಿತು. ದೊಡ್ಡವ್ವ ಅದನ್ನೇ ನೋಡುತ್ತ ಕೂತಳು. ವಾರ್ಡಿನಲ್ಲಿ ಅವಳು ಎಷ್ಟು ಕೂಸುಗಳ ಹೊಟ್ಟೆಯ ಚರ್ಮವನ್ನು ಹೀಗೆ ಎತ್ತಿ ನೋಡಿದ್ದಳೋ. ಇದರ ಅರ್ಥವನ್ನು ಯಾರೂ ಅವಳಿಗೆ ಅನುವಾದಿಸಬೇಕಿರಲಿಲ್ಲ.

ಜ್ವರ ಇದೆಯೇ, ರಕ್ತ ಹೋಗುತ್ತಿದೆಯೇ ಎಂದು ದೀದಿ ಕೇಳಿದಳು. ಎರಡೂ ಇರಲಿಲ್ಲ. ಮೂತ್ರಕ್ಕೆ ಯಾವಾಗ ಹೋಗಿದ್ದು ಎಂದು ಕೇಳಿದಾಗ ದೊಡ್ಡವ್ವ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇನ್ನೂ ಹೀಗೇ ಒಣಗಿದರೆ ತೋಟವೂ ಇಲ್ಲ, ಮಂದಿರವೂ ಇಲ್ಲ, ತಾನೇ ಡಾಕ್ಟರ ಹತ್ತಿರ ಎತ್ತಿಕೊಂಡು ಹೋಗುತ್ತೇನೆ ಎಂದು ಹೇಳಿ ದೀದಿ ಕೆಳಗಿಳಿದು ಹೋದಳು.

ಆಮೇಲೆ ದೊಡ್ಡವ್ವ ನಿಧಾನಕ್ಕೆ ಬಾಯಿ ಬಿಟ್ಟಳು.

"ಊರು ಬಿಟ್ಟಾಗಿಂದ ನಾ ನೀರು ಕುಡಿದಿಲ್ಲ ನೋಡು. ಬಾಯಿ ಅಷ್ಟ ಹಸಿ ಮಾಡ್ಕೊಂಡೇನಿ. ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗಿ ಡ್ಯೂಟಿಗಿ ಹೋಗುವಾಗೂ ಹಂಗ. ಮುಂಜಾನಿ ನೀರು ಕುಡಿದು ಬಸ್ ಹತ್ತಿದಾಕಿ ಅಲ್ಲ ನಾ. ನಾಳಿ ಆ ತೋಟದಾಗ ಎಲ್ಲಿ ಹೋಗಲಿ? ಆ ತಾಯಿ ಮುಂದ ಸೀರಿ ಕೆಡಿಸಿಕೊಂಡು ನಿಂದ್ರಲೇನು?"

ಅವ್ವ ತಾನೂ ರೈಲಿನಲ್ಲಿ ಗುಟುಕು ಲೆಕ್ಕ ಹಾಕಿ ಕುಡಿದದ್ದನ್ನು ಆಮೇಲೆ ಒಪ್ಪಿಕೊಂಡಳು. ನನಗೆ ನನ್ನ ಬ್ಯಾಗು ನೆನಪಾಯಿತು. ಈಗ ಅದೇ ರಸ್ತೆಯಲ್ಲಿ ಕೂಡ್ಲಿಗಿಗೆ ದಿನಾ ಹೋಗಿಬರುವವಳು ನಾನು. ಕಚೇರಿಗೆ ಒಯ್ದ ನೀರಿನ ಬಾಟಲಿ ಸಂಜೆ ಮುಕ್ಕಾಲು ತುಂಬಿಯೇ ಮನೆಗೆ ಬರುತ್ತದೆ. ಬಾಯಾರಿಕೆ ಕಡಿಮೆ ಎಂದುಕೊಂಡಿದ್ದೆ. ಇಷ್ಟು ಓದಿ, ಇಷ್ಟು ಬರೆದುಕೊಂಡು, ಈ ಒಂದು ಸಂಗತಿಯನ್ನು ನಾನು ಎಲ್ಲಿಯೂ ಬರೆದಿಲ್ಲ. ಕ್ಯಾನು ಯಾಕೆ ಭಾರವಾಗಿಯೇ ಉಳಿದಿತ್ತು ಎಂದು ಆಗ ತಿಳಿಯಿತು.

ದೊಡ್ಡವ್ವನಿಗೆ ಬೇಕಾದದ್ದು ನೀರಲ್ಲ, ಬಾಗಿಲಿರುವ ಒಂದು ಜಾಗ. ಬಿಸಿಲು ಇಳಿಯುವ ಮುಂಚೆ ನಾನು ಬ್ಯಾಟರಿ ರಿಕ್ಷಾ ಹತ್ತಿ ತೋಟಕ್ಕೆ ಹೋದೆ. ಜಗತ್ತಿನ ಮೂಲೆಮೂಲೆಯಿಂದ ಜನ ಮಂದಿರದ ಕಡೆ ನಡೆಯುತ್ತಿದ್ದರು. ನಾನು ಬಾಣದ ಗುರುತು ನೋಡಿಕೊಂಡು ಶೌಚಾಲಯಗಳ ಕಡೆ ನಡೆದೆ. ಗೇಟಿನ ಬಳಿ ಒಂದು, ಕಾಲುವೆಯ ದಾರಿಯಲ್ಲಿ ಒಂದು, ಚಪ್ಪಲಿ ಬಿಡುವ ಜಾಗದ ಹತ್ತಿರ ಇನ್ನೊಂದು. ಪ್ರತಿಯೊಂದರ ಚಿಲಕ ಹಾಕಿ ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ. ಕಾಲುವೆ ದಾರಿಯದನ್ನು ತೊಳೆಯುತ್ತಿದ್ದ ಹೆಂಗಸು, ನಾನು ಒಳಗೆ ಹೋಗಿ ಕ್ಷಣದಲ್ಲೇ ಹೊರಗೆ ಬಂದದ್ದು ನೋಡಿ ಏನಾದರೂ ಕಳೆದುಹೋಯಿತೇ ಎಂದು ಕೇಳಿದಳು. ದೊಡ್ಡವ್ವನ ಹೊಟ್ಟೆಯ ವಿಷಯ ಹೇಳಿದೆ. ಚಪ್ಪಲಿ ಜಾಗದ ಹತ್ತಿರದ್ದೇ ಒಳ್ಳೆಯದು, ಅಲ್ಲಿ ಕೂರುವಾಗ ಹಿಡಿದುಕೊಳ್ಳಲು ಕಂಬಿ ಇದೆ ಎಂದಳು.

ವಾಪಸು ಬಂದ ಮೇಲೆ ದೊಡ್ಡವ್ವ ಹಾಸಿಗೆಯ ಮೇಲೆ ಎದ್ದು ಕೂತು ನನ್ನನ್ನು ವಿಚಾರಣೆ ಮಾಡಿದಳು. ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ? ನಮ್ಮ ಮನೆಯಿಂದ ಸಂತೆ ಮೈದಾನದಷ್ಟು ದೂರವೋ, ಬಸ್ ಸ್ಟ್ಯಾಂಡಿನಷ್ಟೋ? ಕುರ್ಚಿಯಂತೆ ಕೂರುವುದೋ ಕುಕ್ಕರಗಾಲೋ? ಬಾಗಿಲು ಕೆಳಗೆ ಎಷ್ಟು ಬಿಟ್ಟಿದೆ? ಚೀಲ ನೇತುಹಾಕಲು ಮೊಳೆ ಇದೆಯೇ? ನನ್ನ ಜೀವನದ ಯಾವ ಸಂದರ್ಶನದಲ್ಲೂ ನಾನು ಇಷ್ಟು ಖಚಿತವಾಗಿ ಉತ್ತರ ಕೊಟ್ಟಿಲ್ಲ.

ಕೊನೆಗೆ ಅವಳು ಕೈ ಚಾಚಿದಳು.

"ಕೊಡು ಇಲ್ಲಿ."

ಒಮ್ಮೆಲೇ ಅಲ್ಲ, ಕೂಸುಗಳಿಗೆ ಕುಡಿಸುತ್ತಿದ್ದ ಹಾಗೇ ಗುಟುಕು ಗುಟುಕಾಗಿ ಲೋಟ ಮುಗಿಸಿದಳು. ಮತ್ತೊಂದು ತುಂಬಿಸಿ ಕೊಟ್ಟೆ.

ಸಂಜೆ ದೀದಿ ಮೆತ್ತಗೆ ಬೇಯಿಸಿದ ಅಕ್ಕಿ, ಹೆಸರುಬೇಳೆಯ ಅನ್ನ ತಂದಳು. ಅದಕ್ಕೆ ಅವರು ಜಾವ್ಲೋ ಎನ್ನುತ್ತಾರೆ. ನಮ್ಮ ಬಾಣಂತಿಯ ಗಂಜಿಗೆ ಅರಿಶಿನ ಹಾಕಿದರೆ ಅದೇ. ಜೊತೆಗೆ ಒಂದು ಬಟ್ಟಲಲ್ಲಿ ಕಂದು ಬಣ್ಣದ ತಿರುಳಿತ್ತು. ಬಲಿಯದ ಬಿಲ್ವದ ಕಾಯಿಯನ್ನು ಕೆಂಡದಲ್ಲಿ ಸುಟ್ಟು ಒಡೆದದ್ದು. ಹೊಟ್ಟೆ ಕೆಟ್ಟರೆ ಅವರ ಮನೆಯಲ್ಲಿ ಮೊದಲು ಇದೇ ಅಂತೆ. ಅವ್ವ ಬಟ್ಟಲನ್ನು ಮೂಸಿ, ಬೆರಳಲ್ಲಿ ಒತ್ತಿ ನೋಡಿದಳು. ನಮ್ಮ ಕಡೆ ಪತ್ರಿ ಗಿಡದ ಎಲೆ ಶಿವನಿಗೆ ಹೋಗುತ್ತದೆ, ಕಾಯಿ ಓಣಿಯ ಹುಡುಗರ ಚೆಂಡಾಟಕ್ಕೆ ಹೋಗುತ್ತದೆ. ಇಷ್ಟು ವರ್ಷ ಔಷಧಿಯನ್ನು ಒದ್ದು ಆಡಿದೆವಲ್ಲ ಎಂದು ಅವ್ವನಿಗೆ ಪೇಚಾಟ.

ಯಾವುದು ಕೆಲಸ ಮಾಡಿತು? ಮೆಂತ್ಯವೇ, ದಾಳಿಂಬೆಯೇ, ಬಿಲ್ವವೇ, ಇಲ್ಲ ಭೇದಿಗೇ ಬೇಸರ ಬಂದು ತಾನಾಗಿ ನಿಂತಿತೇ, ನಾನು ಪ್ರಮಾಣ ಮಾಡಿ ಹೇಳಲಾರೆ. ಮುಂಗೈ ಚರ್ಮ ಮಾತ್ರ ಬೆಳಿಗ್ಗೆ ಎತ್ತಿ ಬಿಟ್ಟ ಕೂಡಲೇ ಕೂತಿತು. ಅದು ನೀರಿನ ಕೆಲಸ. ಇಷ್ಟರ ಮಟ್ಟಿಗೆ ಮೂವರದೂ ಒಂದೇ ಮಾತು.

ತೋಟ

ಬೆಳಿಗ್ಗೆ ಮೂರು ಶೌಚಾಲಯಗಳಿಗೂ ದೊಡ್ಡವ್ವ ಭೇಟಿ ಕೊಟ್ಟಳು. ಅಗತ್ಯ ಬಿದ್ದದ್ದು ಒಂದರಲ್ಲೇ. ಉಳಿದ ಎರಡನ್ನು, ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ನೋಡಿದಳು. ಚಪ್ಪಲಿ ಜಾಗದ ಹತ್ತಿರದ್ದರಿಂದ ಹೊರಗೆ ಬಂದವಳು, ಕಂಬಿ ಗಟ್ಟಿ ಇದೆ ಎಂದು ನನಗೆ ವರದಿ ಒಪ್ಪಿಸಿದಳು. ಅವಳ ಕೈಯ ಬಾಟಲಿಯ ನೀರು ಅರ್ಧಕ್ಕೆ ಇಳಿದಿತ್ತು.

ಮಾಯಾದೇವಿ ಮಂದಿರ ಹೊರಗಿನಿಂದ ಸುಣ್ಣ ಬಳಿದ ದೊಡ್ಡ ಶಾಲೆಯಂತಿದೆ. ಒಳಗೆ ಹಳೆಯ ಇಟ್ಟಿಗೆಯ ಗೋಡೆಗಳು, ಅವುಗಳ ಮೇಲೆ ಹಲಗೆಯ ದಾರಿ. ಫೋಟೋ ತೆಗೆಯುವಂತಿಲ್ಲ. ಹೀಗಾಗಿ ಅಲ್ಲಿ ಕಂಡದ್ದಕ್ಕೆ ನಮ್ಮ ಮೂವರ ನೆನಪೇ ಗತಿ. ಆ ನೆನಪಿನ ಯೋಗ್ಯತೆ ನಿಮಗೀಗ ಗೊತ್ತಿದೆ.

ಸಾಲು ಮುಂದೆ ಸರಿಯುತ್ತ ಕಲ್ಲಿನ ಕೆತ್ತನೆಯ ಎದುರು ಬಂತು. ಸವೆದು ಹೋದ ಕಲ್ಲು. ಮುಖವಿಲ್ಲ, ಬೆರಳಿಲ್ಲ. ಆದರೂ ಮೇಲಕ್ಕೆ ಎತ್ತಿದ ತೋಳು ತಿಳಿಯುತ್ತದೆ, ಟೊಂಗೆ ತಿಳಿಯುತ್ತದೆ, ನಿಂತ ಹೆಂಗಸೆಂದು ತಿಳಿಯುತ್ತದೆ. ದೊಡ್ಡವ್ವ ಕೈಮುಗಿಯಲಿಲ್ಲ. ಅಡುಗೆಮನೆಯಲ್ಲಿ ನೋಡುತ್ತಿದ್ದ ಹಾಗೇ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, ಮಾಯಾದೇವಿಯ ಮಗ್ಗುಲಲ್ಲಿ ನಿಂತಿರುವ ಇನ್ನೊಬ್ಬಳು ಯಾರು ಎಂದು ನನ್ನನ್ನು ಕೇಳಿದಳು. ನಾನು ಕಾವಲಿನವನನ್ನು ಕೇಳಿದೆ. ತಂಗಿ, ಪ್ರಜಾಪತಿ ಎಂದ.

ದೊಡ್ಡವ್ವ ಅವ್ವನ ಕೈಯನ್ನು ಎಳೆದು ತನ್ನ ಸೊಂಟದ ಪಕ್ಕ ಇಟ್ಟುಕೊಂಡಳು, ಕಲ್ಲಿನಲ್ಲಿದ್ದಂತೆಯೇ ಇದೆಯೇ ಎಂದು ಹೋಲಿಸಿ ನೋಡುವವಳ ಹಾಗೆ.

"ಹಿಂಗ ಹಿಡಿಯಾಕಿ ಒಬ್ಬಾಕಿ ಇದ್ರ ನಿಂತೂ ಹೆರಬಹುದು. ಚೊಲೋ ಹಿಡದಾಳ."

ಹಿಂದಿನವರು ಮುಂದೆ ಹೋಗಿ ಎಂದು ತಳ್ಳಿದರು. ಕಣ್ಣೀರು ಬಂದದ್ದು ದೊಡ್ಡವ್ವನಿಗೆ ಎಂದು ನನ್ನ ಪುಟದಲ್ಲಿದೆ. ಇಲ್ಲ, ಅತ್ತವಳು ನೀನು ಎಂದು ಅವರಿಬ್ಬರೂ ಹೇಳುತ್ತಾರೆ.

ಹೊರಗೆ ಅರಳಿಮರದ ಕೆಳಗೆ ಕೂತು ದೊಡ್ಡವ್ವ ಬಾಟಲಿಯ ಉಳಿದ ನೀರು ಕುಡಿದಳು. ಖಾಲಿ ಬಾಟಲಿಯನ್ನು ತಾನೇ ನಲ್ಲಿಗೆ ಹಿಡಿಯಲು ಹೊರಟಾಗ ಅವ್ವ ತಡೆದು, ದೀದಿ ಕುದಿಸಿ ಕೊಟ್ಟಿದ್ದ ನೀರನ್ನೇ ತುಂಬಿಸಿದಳು.

ಹೊಸಪೇಟೆಯಿಂದ ಮನೆಗೆ

ಹೊಸಪೇಟೆಯಲ್ಲಿ ರೈಲಿಳಿದು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತುವ ಹೊತ್ತಿಗೆ ಸುಡು ಬಿಸಿಲು. ಬಸ್ಸಿನ ತುಂಬ ನಮ್ಮವರೇ: ಮದುವೆಗೆ ಹೋಗಿಬಂದವರು, ಆಸ್ಪತ್ರೆಗೆ ಹೋಗಿಬಂದವರು, ಮಡಿಲಲ್ಲಿ ಮಕ್ಕಳು, ಕಾಲ ಕೆಳಗೆ ಚೀಲ. ನನ್ನ ಸುತ್ತಲ ಹೆಂಗಸರ ಬಾಟಲಿಗಳನ್ನು ಅಂದು ಮೊದಲ ಸಲ ನೋಡಿದೆ. ಎಲ್ಲವೂ ತುಂಬಿದ್ದವು.

ದೊಡ್ಡವ್ವ ತನ್ನದನ್ನು ತೆಗೆದು ಗಟಗಟ ಪೂರ್ತಿ ಕುಡಿದಳು. ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ಮರಿಯಮ್ಮನಹಳ್ಳಿ ಇನ್ನೂ ದೂರವಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಎದ್ದು, ಸೀಟುಗಳನ್ನು ಹಿಡಿದುಕೊಂಡು ಮುಂದೆ ನಡೆದಳು. ಬಸ್ಸು ನಿಲ್ಲಿಸಲು ಹೇಳಿದಳು. ಕಂಡಕ್ಟರ್ ಒಳ್ಳೆಯ ಹುಡುಗನೇ. ಮರಿಯಮ್ಮನಹಳ್ಳಿ ಬರುತ್ತದೆ, ಅಲ್ಲೀತನಕ ಸ್ವಲ್ಪ ತಡಕೊಳ್ರಿ ಅಮ್ಮಾ ಎಂದ.

"ತಡಕೊಂಡು ತಡಕೊಂಡ ರಿಟೈರ್ ಆಗೇನಪ್ಪ ನಾ. ನಿಲ್ಲಸು."

ಬಸ್ಸಿನಲ್ಲಿ ಯಾರೋ ನಕ್ಕರು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಮುಂದೆ ಕಂಡ ಪೆಟ್ರೋಲ್ ಬಂಕಿನ ಪಕ್ಕಕ್ಕೆ ಬಸ್ಸು ತಿರುಗಿಸಿದ. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಇಳಿದಳು.

ಮೂರನೆಯ ಸೀಟಿನಲ್ಲಿದ್ದ ಗರ್ಭಿಣಿ ಎದ್ದಳು. ಅವಳ ಹಿಂದೆ ಅವಳ ಅತ್ತೆ. ಬುರ್ಖಾ ತೊಟ್ಟ ಒಬ್ಬ ಹುಡುಗಿ. ಮಡಿಲ ಮಗುವನ್ನು ಗಂಡನ ಕೈಗೆ ಕೊಟ್ಟು ಇನ್ನೊಬ್ಬಳು. ಯಾರೂ ಯಾರ ಮುಖವನ್ನೂ ನೋಡದೆ, ಚೀಲ ಸೀಟಿನ ಮೇಲಿಟ್ಟು, ಒಬ್ಬೊಬ್ಬರಾಗಿ ಇಳಿದು ಬಂಕಿನ ಶೌಚಾಲಯದ ಮುಂದೆ ದೊಡ್ಡವ್ವನ ಹಿಂದೆ ನಿಂತರು. ಮೊದಲು ಒಳಗೆ ಹೋಗಿಬಂದ ದೊಡ್ಡವ್ವ ಹಿಂದಿನವರಿಗೆ, ಚಿಲಕ ಗಟ್ಟಿ ಇದೆ ಎಂದು ಕೂಗಿ ಹೇಳಿದಳು.

ಆ ಸಾಲಿನಲ್ಲಿ ನಾನು ಆರನೆಯವಳು. ಇಲ್ಲ, ಆರನೆಯವಳು ತಾನು, ನೀನು ಏಳನೆಯವಳು ಎನ್ನುತ್ತಾಳೆ ಅವ್ವ.